ಎದೆಯಲ್ಲೊಂದು ಮೆಷಿನ್, ಕೈಯಲ್ಲೊಂದು ಸೂಜಿ: 14 ತಿಂಗಳ ಮೇಲೆ ಬರೆದ ರಿವ್ಯೂ

ನಾನು ಡಾಕ್ಟರ್ ಅಲ್ಲ. ತುಮಕೂರಿನಲ್ಲಿ 26 ವರ್ಷ ಬ್ಲೌಸ್ ಹೊಲಿದವಳು. 51ನೇ ವಯಸ್ಸಿಗೆ ಪಾರ್ಕಿನ್ಸನ್ ಅಂತ ಗೊತ್ತಾಯಿತು, ಕೈಕಾಲು ನಡುಗಿ, ಬಿಗಿದು, ನಿಧಾನವಾಗುವ ಮೆದುಳಿನ ಕಾಯಿಲೆ. ಈಗ 60. ಹೋದ ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಿಬಿಎಸ್, ಅಂದರೆ ಮೆದುಳಿನ ಆಳಕ್ಕೆ ತಂತಿ ಇಳಿಸಿ ಕರೆಂಟ್ ಕೊಡುವ ಆಪರೇಷನ್ ಮಾಡಿಸಿಕೊಂಡೆ. ಹಾಕಿದ್ದು ಬರೀ ಕರೆಂಟ್ ಕೊಡುವ ಮೆಷಿನ್ ಅಲ್ಲ. ಮೆದುಳಿನ ಅಲೆಗಳನ್ನು ಕೇಳಿಸಿಕೊಂಡು ಬರೆದಿಟ್ಟುಕೊಳ್ಳುವ ಹೊಸ ಜಾತಿಯದು. ಕಂಪನಿ ಹೆಸರು, ಆಸ್ಪತ್ರೆ ಹೆಸರು ಎರಡೂ ಬರೆಯುವುದಿಲ್ಲ. ನನ್ನ ದೂರುಗಳೂ ಇವೆ, ಸುಮ್ನೆ ರಗಳೆ ಯಾಕೆ.

ತಲೆಯ ಎರಡೂ ಕಡೆ ಒಂದೊಂದು ತೆಳು ತಂತಿ ಇಳಿಸುತ್ತಾರೆ. ಅದು ಮುಟ್ಟುವ ಜಾಗಕ್ಕೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅಂತ ಹೆಸರು. ಹೆಸರು ಉದ್ದ, ಜಾಗ ಅವರೆಕಾಳಿಗಿಂತ ಚಿಕ್ಕದು. ಅಲ್ಲಿಂದ ವೈರು ಕಿವಿಯ ಹಿಂದೆ, ಕತ್ತಿನ ಚರ್ಮದ ಒಳಗೆ ಹಾದು ಎದೆಯ ಮೇಲಿನ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆ ಸೆಕೆಂಡಿಗೆ 130 ಸಲ ಸಣ್ಣ ಕರೆಂಟ್ ಕೊಡುತ್ತದೆ. ಈ ಚಿಕಿತ್ಸೆಗೆ ಈಗಿನ ರೂಪ ಬಂದದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, 1987ರಲ್ಲಿ, ಬೆನಬಿದ್ ಮತ್ತು ಪೊಲ್ಲಾಕ್ ಅನ್ನುವ ಡಾಕ್ಟರುಗಳಿಂದ. ಆಗ ನಡುಕಕ್ಕೆ ಮಾತ್ರ. ಕೇಳಿಸಿಕೊಳ್ಳುವ ಗುಣ ತೀರಾ ಈಚಿನದು.

ಏನನ್ನು ಕೇಳಿಸಿಕೊಳ್ಳುತ್ತದೆ? ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವ ಒಂದು ಅಲೆ ಇದೆ, ಬೀಟಾ ಅನ್ನುತ್ತಾರೆ. ಅದು ಎಲ್ಲರ ಮೆದುಳಿನಲ್ಲೂ ಇರುತ್ತದೆ. ಕೈ ಸುಮ್ಮನಿದ್ದಾಗ ಏರುತ್ತದೆ, ಕತ್ತರಿ ಎತ್ತಿಕೊಳ್ಳಲು ಹೊರಟಾಗ ಇಳಿಯುತ್ತದೆ. ನಮ್ಮಂಥವರಲ್ಲಿ ಕೈಕಾಲು ಆಡಿಸಲು ಮೆದುಳಿಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆ, ಹಾಗಾಗಿ ಅದು ಬೇಗ ಇಳಿಯುವುದಿಲ್ಲ. ಮೆದುಳಿನ ಮೇಲ್ಪದರ ಮತ್ತು ಆಳದ ಈ ಅವರೆಕಾಳು ಜಾಗ ಒಂದೇ ತಾಳಕ್ಕೆ ಗಂಟು ಬೀಳುತ್ತವೆ. ಕೋಲಾಟದಲ್ಲಿ ಹೆಜ್ಜೆ ಬದಲಾಯಿಸಿ ಅಂತ ಕೂಗು ಬಂದರೂ ಎಲ್ಲರೂ ಹಳೆ ಹೆಜ್ಜೆಯನ್ನೇ ಹಾಕುತ್ತಿದ್ದರೆ ಹೇಗಿರುತ್ತದೋ ಹಾಗೆ. ಹೊಸ ಸಂದೇಶ ಕೈವರೆಗೆ ತಲುಪುವುದೇ ಇಲ್ಲ. ಆ ಡೋಪಮಿನ್ ತುಂಬಿಕೊಡುವ ಲೆವೊಡೋಪಾ ಮಾತ್ರೆ ಹಿಡಿದಾಗ ಈ ಬೀಟಾ ತಗ್ಗುತ್ತದೆ. 2001ರಲ್ಲೇ ಪೀಟರ್ ಬ್ರೌನ್ ಅನ್ನುವ ನರವಿಜ್ಞಾನಿ ಮತ್ತು ಸಂಗಡಿಗರು ಇದನ್ನು ರೋಗಿಗಳ ತಲೆಯಲ್ಲಿದ್ದ ತಂತಿಗಳಿಂದಲೇ ಅಳೆದು ತೋರಿಸಿದ್ದರು. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ಮೆಷಿನ್‌ನ ಕರೆಂಟ್ ಹೊಂದಿಸುವ, ಅಂದರೆ ಪ್ರೋಗ್ರಾಮಿಂಗ್ ಮಾಡುವ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೋಲಾಟ ಮಾತ್ರ ನನ್ನದು.

ಈಗ ಮುಖ್ಯ ವಿಷಯ. ಮನೆಯಲ್ಲಿ ದಿನಾ ನಾಲ್ಕು ಗಂಟೆ ಹೊತ್ತಿಗೆ ನನ್ನ ಬಲಗೈ ಕಟ್ಟಿಹಾಕಿದಂತೆ ಆಗುತ್ತಿತ್ತು. ಕಾಫಿ ಲೋಟ ಎತ್ತಲೂ ಆಗುತ್ತಿರಲಿಲ್ಲ. "ಬೆಳಗ್ಗೆ ಚೆನ್ನಾಗೇ ಇದ್ದೆಯಲ್ಲ, ಮನಸ್ಸು ಮಾಡು" ಅನ್ನುತ್ತಿದ್ದರು ನಮ್ಮವರು. ಬೇಕಂತ ಮಾಡುತ್ತಾಳೆ ಅನ್ನುವ ಅನುಮಾನ ಅವರ ಮುಖದಲ್ಲೇ ಕಾಣುತ್ತಿತ್ತು. ಮೆಷಿನ್ ಬೀಟಾದ ಹತ್ತು ಹತ್ತು ನಿಮಿಷದ ಸರಾಸರಿ ಬರೆದಿಡುತ್ತದೆ. ಎರಡನೇ ಭೇಟಿಯಲ್ಲಿ ಡಾಕ್ಟರಮ್ಮ ಅದನ್ನು ಟ್ಯಾಬ್ ಮೇಲೆ ತೆರೆದರು. ರಾತ್ರಿ ಗೆರೆ ಕೆಳಗೆ, ಬೆಳಗ್ಗೆ ಸಾಧಾರಣ, ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಒಂದು ಗುಡ್ಡ. ಒಂದು ದಿನ ಅಲ್ಲ, ಸಾಲಾಗಿ ಎಲ್ಲ ದಿನವೂ ಅದೇ ಗುಡ್ಡ. ನಮ್ಮವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ಕಾರು ನಿಲ್ಲಿಸಿ ತಟ್ಟೆ ಇಡ್ಲಿ ಕೊಡಿಸಿದರು.

ಗುಡ್ಡಕ್ಕೆ ಕಾರಣ ಸುಲಭದ್ದು. ಮಧ್ಯಾಹ್ನ ಒಂದು ಗಂಟೆಗೆ ತೆಗೆದುಕೊಳ್ಳುವ ಮಾತ್ರೆಯನ್ನು ನಾನು ಊಟದ ಜೊತೆಗೇ ನುಂಗುತ್ತಿದ್ದೆ. ಹುರುಳಿ ಸಾರು, ಮೊಸರು ಎಲ್ಲ ಸೇರಿದರೆ ಅದರ ಪ್ರೋಟೀನ್ ಲೆವೊಡೋಪಾಗೆ ಅಡ್ಡ ಬರುತ್ತದೆ. ಈಗ ಮಾತ್ರೆ ಹನ್ನೆರಡೂವರೆಗೆ, ಊಟ ಒಂದೂಕಾಲಿಗೆ. ಗುಡ್ಡ ಪೂರ್ತಿ ಹೋಗಿಲ್ಲ, ದಿಬ್ಬ ಆಗಿದೆ. ಇದನ್ನು ಮೆಷಿನ್ ಇಲ್ಲದೆಯೂ ಹೇಳಬಹುದಿತ್ತು, ಅಲ್ವಾ? ಹೇಳಬಹುದಿತ್ತು. ಎಂಟು ವರ್ಷ ಯಾರೂ ಹೇಳಲಿಲ್ಲ.

ಕೊಟ್ಟಿರುವ ಹ್ಯಾಂಡ್‌ಸೆಟ್ ಫೋನಿನ ಹಾಗೇ ಇದೆ. ಅದರಲ್ಲಿ ನಾಲ್ಕು ಗುಂಡಿಗಳಿಗೆ ನಮಗೆ ಬೇಕಾದ ಹೆಸರು ಇಡಿಸಿಕೊಳ್ಳಬಹುದು. ಒತ್ತಿದರೆ ಆ ಹೊತ್ತಿನ ಅರ್ಧ ನಿಮಿಷದ ಅಲೆ ಬೇರೆಯಾಗಿ ಉಳಿಯುತ್ತದೆ. ನಾನು "ಮಾತ್ರೆ", "ಬಿಗಿತ", "ನಡುಕ", "ಕುಣಿತ" ಅಂತ ಇಡಿಸಿಕೊಂಡೆ, ಇಂಗ್ಲಿಷ್ ಅಕ್ಷರದಲ್ಲಿ. ಕುಣಿತ ಅಂದರೆ ಮಾತ್ರೆ ಜಾಸ್ತಿಯಾಗಿ ಮೈ ತಾನಾಗಿ ಓಲಾಡುವುದು.

ಇನ್ನು ದೂರುಗಳು. ದಾಖಲೆ ಉಳಿಯುವುದು 60 ದಿನ ಮಾತ್ರ. ಆಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಭೇಟಿ ಕೊಟ್ಟದ್ದು ಮೂರು ತಿಂಗಳಿಗೆ. ಮಗಳ ಮದುವೆ ಓಡಾಟದಲ್ಲಿ ನಾನು ಕೆಟ್ಟದಾಗಿ ಒದ್ದಾಡಿದ ತಿಂಗಳು ಪೂರ್ತಿ ಅಳಿಸಿಹೋಗಿತ್ತು. ಕೇಳಿದರೆ "ಪರವಾಗಿಲ್ಲ ಬಿಡಿ" ಅಂದರು ಕೌಂಟರಿನಲ್ಲಿ. ಅವರಿಗೆ ಪರವಾಗಿಲ್ಲ.

ಎರಡನೆಯದು, ಎಡಗೈ ನಡುಕ. "ನಡುಕ" ಗುಂಡಿ ಎಷ್ಟು ಸಲ ಒತ್ತಿದರೂ ಗೆರೆಯಲ್ಲಿ ಏನೂ ಕಾಣಲಿಲ್ಲ. ಕೈ ನಿಧಾನವಾಗುವುದಕ್ಕೆ, ಬಿಗಿತಕ್ಕೆ ಬೀಟಾ ಜೊತೆ ಇರುವಷ್ಟು ನಂಟು ನಡುಕಕ್ಕೆ ಇಲ್ಲವಂತೆ. ಅದೂ ಅಲ್ಲದೆ ನನ್ನ ಮೆದುಳಿನ ಎಡಗಡೆ ಬೀಟಾದ ಗೂನು ಚೆನ್ನಾಗಿ ಕಾಣುತ್ತದೆ, ಬಲಗಡೆ ಕಾಣುವುದೇ ಇಲ್ಲ. ಕೆಲವರಿಗೆ ಹೀಗೂ ಇರುತ್ತದೆ. ಅಂದರೆ ಬಲಗೈ ಮಟ್ಟಿಗೆ ಇದು ಹೊಸ ಮೆಷಿನ್, ಎಡಗೈ ಮಟ್ಟಿಗೆ ಹಳೆಯದೇ. ದುಡ್ಡು ಮಾತ್ರ ಎರಡಕ್ಕೂ ಸೇರಿಸಿಯೇ ತೆಗೆದುಕೊಂಡರು. ಹತ್ತು ಲಕ್ಷ ದಾಟಿತು, ಶಿರಾ ರಸ್ತೆಯ ಸೈಟು ಹೋಯಿತು.

ಮೂರನೆಯದು ಮಾರುವಾಗ ಆಡಿದ ಮಾತು. "ಅಲೆ ನೋಡಿಕೊಂಡು ಕರೆಂಟ್ ತಾನೇ ಏರಿಸಿ ಇಳಿಸುತ್ತದೆ" ಅಂದಿದ್ದರು. ಅಂಥ ವ್ಯವಸ್ಥೆ ನಿಜವಾಗಿ ಇದೆ, 2025ರಲ್ಲಿ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆಯೂ ಸಿಕ್ಕಿದೆ. ನನ್ನದರಲ್ಲಿ ಇನ್ನೂ ಶುರು ಮಾಡಿಲ್ಲ. ಕರೆಂಟ್ ಏರಿಸುವುದು ಡಾಕ್ಟರಮ್ಮನ ಬೆರಳೇ. ಜಾಸ್ತಿ ಏರಿಸಿದರೆ ತುಟಿ ಜುಮುಗುಡುತ್ತದೆ, ಮಾತು ತೊದಲುತ್ತದೆ. ಗಿರಾಕಿಗಳ ಜೊತೆ ಮಾತಾಡಬೇಕಲ್ಲ, ಹಾಗಾಗಿ ಸ್ವಲ್ಪ ಬಿಗಿತ ಇಟ್ಟುಕೊಂಡು ಮಾತು ಉಳಿಸಿಕೊಂಡಿದ್ದೇನೆ.

ಹೆಂಗಸರಿಗೆ ಒಂದು ಮಾತು. ಪೆಟ್ಟಿಗೆಯನ್ನು ನನಗೆ ಬಲಗಡೆ ಎದೆಗೆ ಹಾಕಿದರು, ಎಡಗಡೆಯಾದರೆ ಗುಂಡಿಗೆಯ ಬಡಿತ ಮೆದುಳಿನ ಸಿಗ್ನಲ್ ಜೊತೆ ಬೆರೆಯುವುದು ಜಾಸ್ತಿ. ಒಳ್ಳೆಯದೇ, ಆದರೆ ಒಳ ಉಡುಪಿನ ಪಟ್ಟಿ ಸರಿಯಾಗಿ ಅದರ ಅಂಚಿಗೇ ಕೂರುತ್ತದೆ. ಆಪರೇಷನ್‌ಗೆ ಮುಂಚೆಯೇ ಪಟ್ಟಿ ಬರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಮಾಡಿಸಿ. ನಾನು ಮಾಡಿಸಲಿಲ್ಲ. ಈಗ ಭುಜ ಅರ್ಧ ಇಂಚು ಒಳಗೆ ತೆಗೆದು, ಒಳಗೆ ಮಲ್ ಬಟ್ಟೆಯ ಮೆತ್ತೆ ಇಟ್ಟು ನನ್ನ ಬ್ಲೌಸ್ ನಾನೇ ಹೊಲಿದುಕೊಳ್ಳುತ್ತೇನೆ. ಮಂಡಿನೋವಿಗೆ ಫಿಸಿಯೋಥೆರಪಿಗೆ ಹೋದರೆ ಮೊದಲು ಮೆಷಿನ್ ಕಾರ್ಡ್ ತೋರಿಸಿ. ಅಲ್ಲಿ ಕೊಡುವ ಡಯಾಥರ್ಮಿ ಶಾಖ ನಮಗೆ ಪೂರ್ತಿ ನಿಷಿದ್ಧ. ತಂತಿ ಕಾದು ಮೆದುಳಿಗೇ ಪೆಟ್ಟಾಗಬಹುದು.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಕಳೆದ ಅರ್ಧ ಸ್ಟಾರ್ ಮೆಷಿನ್‌ದು, ಒಂದು ಸ್ಟಾರ್ ಕೌಂಟರಿನವರದು. ಈಗ ನಾನೇ ಹಟ ಮಾಡಿ 50 ದಿನಕ್ಕೊಮ್ಮೆ ಭೇಟಿ ಬರೆಸಿಕೊಳ್ಳುತ್ತೇನೆ, ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನ ಗುರುತು ಇದೆ. ಹೊಲಿಗೆ ಪೂರ್ತಿ ಬಿಟ್ಟಿಲ್ಲ. ಕಟಿಂಗ್ ಮಾಡಲು ಹುಡುಗಿಯೊಬ್ಬಳು ಬರುತ್ತಾಳೆ, ಹುಕ್ಕು ಮತ್ತು ಕಾಜ ನನ್ನದು. ಬೆಳಗಿನ ಮಾತ್ರೆ ಹಿಡಿದ ಮೇಲೆ ಸೂಜಿಗೆ ದಾರ ಎರಡನೇ ಸಲಕ್ಕೆ ಹೋಗುತ್ತದೆ. ಮೊದಲನೇ ಸಲ ಎಡಗೈ ಬಿಡುವುದಿಲ್ಲ.