ಚೆಂಡೆ ರೆಕಾರ್ಡ್ ಮಾಡುವವರು ಫೇಡರ್ ನಂಬಬೇಡಿ

ಊರಿನ ಹಿರಿಯ ಕಲಾವಿದರನ್ನು ಮನೆಗೆ ಕರೆದು ಯಕ್ಷಗಾನದ ಚೆಂಡೆ, ಮದ್ದಳೆ ರೆಕಾರ್ಡ್ ಮಾಡಬೇಕೆಂದು ಸಣ್ಣ ಮಲ್ಟಿಟ್ರ್ಯಾಕ್ ರೆಕಾರ್ಡರ್ ತಂದಿದ್ದೀರಾ? ದಯವಿಟ್ಟು ಇದನ್ನು ಓದಿ, ಆಮೇಲೆ ಅವರನ್ನು ಕರೆಯಿರಿ. ಕಳೆದ ಮಳೆಗಾಲದಲ್ಲಿ ನನ್ನ ತಪ್ಪಿನಿಂದ ಸುಮಾರು ಎರಡು ಗಂಟೆಯ ವಾದನ ಹಾಳಾಯಿತು.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದರೆ ದೀಪಾವಳಿ ಕಳೆಯುವವರೆಗೆ ಹಾಡುವ, ಬಾರಿಸುವ ಹಿಮ್ಮೇಳದವರಿಗೆ ಸ್ವಲ್ಪ ಬಿಡುವು. ಆಗ ನಮ್ಮ ನೆರೆಮನೆಯ ಮಾವನನ್ನು ಕೇಳಿಕೊಂಡೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಚೆಂಡೆಯಲ್ಲಿ ನಲವತ್ತು ವರ್ಷ ದುಡಿದವರು. "ಭುಜ ನೋವುಂಟು ಮಾರಾಯ. ಆದರೂ ನಿನಗಾಗಿ ಒಂದು ದಿನ ಬರುತ್ತೇನೆ" ಎಂದರು. ಮದ್ದಳೆಗೆ ಅವರ ಶಿಷ್ಯ ಬಂದ.

ರೆಕಾರ್ಡರ್ ಡಬ್ಬಿಯ ಮೇಲೆ 8 ಟ್ರ್ಯಾಕ್ ಅಂತ ಇತ್ತು. 8 ಮೈಕ್ ಹಾಕಬಹುದು ಎಂದುಕೊಂಡಿದ್ದೆ. ಮನೆಗೆ ತಂದ ಮೇಲೆ ಗೊತ್ತಾಯಿತು, ಒಂದು ಸಲಕ್ಕೆ ರೆಕಾರ್ಡ್ ಆಗುವುದು 2 ಮಾತ್ರ. ಉಳಿದವು ಒಂದರ ಮೇಲೊಂದು ಸೇರಿಸುತ್ತಾ ಹೋಗಲು. ಕೊಳ್ಳುವಾಗ "ಒಟ್ಟಿಗೆ ಎಷ್ಟು ಮೈಕ್ ಹಿಡಿಯುತ್ತದೆ" ಎಂದೇ ಕೇಳಿ. ಚೆಂಡೆಗೊಂದು, ಮದ್ದಳೆಗೊಂದು ಇಟ್ಟೆ. ಚಾವಡಿಯ ಎದುರಿನ ತಗಡಿನ ಶೀಟಿನ ಮೇಲೆ ಮಳೆ ಸದ್ದು ಜೋರಾಗಿತ್ತು. ಅದಕ್ಕೇ ಟೈಲ್ಸ್ ಹಾಕಿದ ಒಳಕೋಣೆಯಲ್ಲಿ ಕೂತೆವು. ಅಲ್ಲಿ ಚೆಂಡೆಯ ಸದ್ದು ಗೋಡೆಗೆ ಬಡಿದು ಮದ್ದಳೆಯ ಮೈಕಿಗೂ ನುಗ್ಗಿತು. ಹಾಸಿಗೆ, ಕಂಬಳಿ ತಂದು ಗೋಡೆಗೆ ಒರಗಿಸಿದ್ದರೆ ಎಷ್ಟೋ ಕಡಿಮೆಯಾಗುತ್ತಿತ್ತು.

ಆದರೆ ದೊಡ್ಡ ತಪ್ಪು ಇದಲ್ಲ.

"ಮಾವ, ಸ್ವಲ್ಪ ಬಾರಿಸಿ, ಲೆವೆಲ್ ನೋಡುತ್ತೇನೆ" ಎಂದೆ. ಅವರು ಸುಮ್ನೆ ನಾಲ್ಕು ಪೆಟ್ಟು ಹಾಕಿದರು. ಅಷ್ಟಕ್ಕೇ ಗೇನ್, ಅಂದರೆ ಮೈಕಿನ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಸರಿಮಾಡಿ ಶುರು ಮಾಡಿಸಿದೆ. ಕೈ ಬಿಸಿಯಾಗುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮುಕ್ತಾಯಕ್ಕೆ ಬರುವಾಗೆಲ್ಲ ಕೆಂಪು ದೀಪ ಹೊಳೆಯತೊಡಗಿತು. ನಾನು ಫೇಡರನ್ನು, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿಯನ್ನು, ಕೆಳಗೆಳೆದೆ. ಹೆಡ್‌ಫೋನಿನಲ್ಲಿ ಸದ್ದು ತಗ್ಗಿತು. ಸರಿಯಾಯಿತು ಎಂದು ನೆಮ್ಮದಿಯಾಯಿತು.

ಏನೂ ಸರಿಯಾಗಿರಲಿಲ್ಲ. ಇಂಥ ರೆಕಾರ್ಡರುಗಳಲ್ಲಿ ಸಾಮಾನ್ಯವಾಗಿ ಫೇಡರ್ ಬದಲಿಸುವುದು ನಮಗೆ ಕೇಳುವ ಸದ್ದನ್ನು ಮಾತ್ರ. ಮೆಮೊರಿ ಕಾರ್ಡಿಗೆ ಎಷ್ಟು ಜೋರಾಗಿ ಹೋಗಬೇಕು ಎಂಬುದು ಮೈಕ್ ಚುಚ್ಚುವ ಜಾಗದ ಗೇನ್ ಗುಂಡಿಯ ಕೈಯಲ್ಲಿದೆ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ದಾಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಸುಲಿಯುವಾಗ ಕತ್ತಿ ತಾಗಿ ಹೋಳಾದ ಅಡಿಕೆಯನ್ನು ಆಮೇಲೆ ಇಡಿ ಮಾಡಲು ಆಗುತ್ತದಾ? ಹಾಗೆಯೇ ಇದು. ರಾತ್ರಿ ಕೇಳಿದರೆ ಪ್ರತಿ ಜೋರು ಪೆಟ್ಟಿನಲ್ಲೂ ಚರಚರ.

ಹಾಗಾಗಿ ಲೆವೆಲ್ ನೋಡುವಾಗ "ಬಣ್ಣದ ವೇಷದ ಒಡ್ಡೋಲಗಕ್ಕೆ ಬಾರಿಸುವ ಹಾಗೆ ಬಾರಿಸಿ" ಎಂದೇ ಕೇಳಿ. ರಾಕ್ಷಸ ಪಾತ್ರ ರಂಗಕ್ಕೆ ಬರುವಾಗಿನ ಆ ಅಬ್ಬರದಲ್ಲೂ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವಷ್ಟಕ್ಕೆ ಗೇನ್ ಇಳಿಸಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸದ್ದು ಸಣ್ಣದಾಯಿತು ಎಂಬ ಚಿಂತೆ ಬೇಡ, ಆಮೇಲೆ ಏರಿಸಬಹುದು. ಗೇನ್ ಪೂರ್ತಿ ಇಳಿಸಿದರೂ ಕೆಂಪು ಬಂದರೆ ಮೈಕನ್ನೇ ಹಿಂದಕ್ಕೆ ಇಡಿ. ಕಂಡೆನ್ಸರ್ ಮೈಕಿಗಿಂತ ಡೈನಾಮಿಕ್ ಮೈಕ್ ಚೆಂಡೆಯ ಹೊಡೆತವನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ಐದು ನಿಮಿಷ ಬಾರಿಸಿದ ಮೇಲೆ ನಿಲ್ಲಿಸಿ, ಬೇರೆ ಕೋಣೆಗೆ ಹೋಗಿ ಕೇಳಿ. ಹಿರಿಯರನ್ನು ಕಾಯಿಸಬಾರದೆಂದು ನಾನು ಅದೊಂದನ್ನು ಮಾಡಲಿಲ್ಲ. ಕಾಯಿಸಿದ್ದರೆ ಅವರಿಗೆ ಖಂಡಿತ ಬೇಸರವಾಗುತ್ತಿರಲಿಲ್ಲ.

ಕೊನೆಗೆ ಇನ್ನೊಂದು ಪೆಟ್ಟು. ಸಿಡಿಲಿನ ಜೊತೆ ಕರೆಂಟ್ ಹೋಯಿತು. ರೆಕಾರ್ಡರ್ ಬರೀ ಅಡಾಪ್ಟರಿನ ಮೇಲೆ ಓಡುತ್ತಿತ್ತು, ಒಳಗೆ ಬ್ಯಾಟರಿ ಹಾಕಿರಲಿಲ್ಲ. ಸ್ಟಾಪ್ ಒತ್ತುವ ಮೊದಲೇ ಆರಿದ್ದರಿಂದ ಆ ಫೈಲ್ ತೆರೆಯಲೇ ಇಲ್ಲ. ಅಷ್ಟು ಹೊತ್ತು ಬಾರಿಸಿದ ತ್ರಿವುಡೆ ತಾಳ ಹೋಯಿತು. ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ? ಹೊಸ ಬ್ಯಾಟರಿ ಹಾಕಿಯೇ ಕೂರಿ. ಒಂದೊಂದು ತಾಳ ಮುಗಿದಾಗಲೂ ನಿಲ್ಲಿಸಿ ಉಳಿಸಿಕೊಳ್ಳಿ.

ಮರುದಿನ ಮಾವನಿಗೆ ಕೇಳಿಸಿದೆ. ಬಯ್ಯಲಿಲ್ಲ. "ಇದು ನನ್ನ ಚೆಂಡೆಯ ಸ್ವರ ಅಲ್ಲವಲ್ಲ" ಎಂದಷ್ಟೇ ಹೇಳಿದರು. ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಅವರ ಕೈ ಬಿಸಿಯಾಗುವ ಮೊದಲಿನ 11 ನಿಮಿಷ ಮಾತ್ರ ಶುದ್ಧವಾಗಿ ಸಿಕ್ಕಿದೆ. ಅದನ್ನು ಮೂರು ಕಡೆ ಇಟ್ಟಿದ್ದೇನೆ. ಈ ಸಲ ಪತ್ತನಾಜೆ ಕಳೆದ ಮೇಲೆ ಇನ್ನೊಮ್ಮೆ ಕೇಳಬೇಕು. ಭುಜ ಒಪ್ಪಿದರೆ ಬರುತ್ತೇನೆ ಎಂದಿದ್ದಾರೆ.