ಭಾನುವಾರದ ಪ್ರಸಂಗಕ್ಕೆ ಆಡಾಸಿಟಿ: ಐದು ವರ್ಷ ಬಳಸಿದ ಮೇಲೆ

2020ರ ಏಪ್ರಿಲ್ 12, ಈಸ್ಟರ್. ಲಾಕ್‌ಡೌನ್ ಇದ್ದುದರಿಂದ ದೇವಾಲಯದ ಬಾಗಿಲು ಮುಚ್ಚಿತ್ತು. ನಮ್ಮ ಸಭಾಪಾಲಕರು (ಪಾದ್ರಿಗಳು, ಸಭೆಯ ಪಾಲಕರನ್ನೆಲ್ಲ ನಾವು ಅಯ್ಯನವರು ಅನ್ನುತ್ತೇವೆ) ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ರೆಕಾರ್ಡ್ ಮಾಡಿ, ‘ಸಭೆಯವರಿಗೆಲ್ಲ ಮುಟ್ಟಿಸು’ ಅಂತ ನನಗೆ ಕಳಿಸಿದರು. ಕೇಳಿದರೆ ಫ್ಯಾನಿನ ಸದ್ದೇ ಮುಂದೆ, ಅಯ್ಯನವರ ದನಿ ಹಿಂದೆ. ಆ ರಾತ್ರಿ ಲ್ಯಾಪ್‌ಟಾಪಿಗೆ ಹಾಕಿಕೊಂಡ ಆಡಾಸಿಟಿಯನ್ನು ಇವತ್ತಿನವರೆಗೂ ಬಿಟ್ಟಿಲ್ಲ. ವಾರಕ್ಕೊಂದು ಪ್ರಸಂಗ, ಜೊತೆಗೆ ಕ್ರಿಸ್ಮಸ್, ಶುಭ ಶುಕ್ರವಾರ, ಸುಗ್ಗಿ ಹಬ್ಬ. ಎಲ್ಲವೂ ಇದರಲ್ಲೇ ತಯಾರಾಗುತ್ತವೆ.

ಗೊತ್ತಿಲ್ಲದವರಿಗೆ ಎರಡು ಮಾತು: ಆಡಾಸಿಟಿ ಧ್ವನಿಯನ್ನು ಕತ್ತರಿಸಿ, ತೊಳೆದು, ಜೋಡಿಸುವ ತಂತ್ರಾಂಶ. 2000ದಲ್ಲಿ ಬಿಡುಗಡೆಯಾದದ್ದು, ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಮ್ಮಂಥ ಸಣ್ಣ ಸಭೆಗೆ ಕಾಣಿಕೆ ಹಣದಿಂದ ಒಂದು ರೂಪಾಯಿಯೂ ತೆಗೆಯದೆ ಕೆಲಸ ಆಗುತ್ತದೆ ಅನ್ನುವುದು ಸಣ್ಣ ಮಾತಲ್ಲ.

ಮೊದಲು ನಾವೂ ಎಲ್ಲರಂತೆ ವಿಡಿಯೊ ಹಾಕಲು ಹೋದೆವು. ಗಾಯನವೃಂದ ಹಾಡಿದ ಹಳೆಯ ಗೀತೆಗೆ ಒಂದು ವಿಡಿಯೊ ಜಾಲತಾಣದಲ್ಲಿ ಬೇರೆ ಯಾರೋ ಹಕ್ಕು ಸಾಧಿಸಿದರು. ಅದಕ್ಕಿಂತ ದೊಡ್ಡ ತೊಡಕು ಬೇರೆಯದು. ಕೇಳಬೇಕಾದವರು ಮನೆ ಬಿಟ್ಟು ಹೊರಡಲಾಗದ ವೃದ್ಧರು, ರಾತ್ರಿ ಪಾಳಿಯ ನರ್ಸುಗಳು, ದುಬೈ, ಪುಣೆ ಸೇರಿದ ಹುಡುಗರು. ಅವರಿಗೆ ಬೇಕಿದ್ದದ್ದು ಚಿತ್ರವಲ್ಲ, ದನಿ. ಅರ್ಧ ತಾಸಿನ ಪ್ರಸಂಗವನ್ನು ಮೋನೊದಲ್ಲಿ (ಒಂದೇ ಚಾನೆಲ್), 64 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಎಂಪಿ3 ಮಾಡಿದರೆ ಸುಮಾರು 14 ಎಂಬಿ ಆಗುತ್ತದೆ. ವಾಟ್ಸಾಪಿನಲ್ಲಿ ಸರಾಗವಾಗಿ ಹೋಗುತ್ತದೆ, ಹಳೆಯ ಫೋನಿನಲ್ಲೂ ತೆರೆಯುತ್ತದೆ. ಮಾತಿಗೆ ಇಷ್ಟು ಗುಣಮಟ್ಟ ಧಾರಾಳ ಸಾಕು. ಹಾಡಿದ್ದರೆ ಮಾತ್ರ 128 ಇಡುತ್ತೇನೆ.

ನಾನು ಅತಿ ಹೆಚ್ಚು ಬಳಸುವುದು ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್. ಅಯ್ಯನವರು ಸತ್ಯವೇದ (ಬೈಬಲ್) ತೆರೆಯುವ ಹೊತ್ತಿಗೆ ಸಭೆ ಎರಡು ಸೆಕೆಂಡು ಸ್ತಬ್ಧವಾಗುತ್ತದೆ, ಫ್ಯಾನಿನ ಸದ್ದೊಂದೇ ಇರುತ್ತದೆ. ಆ ಎರಡು ಸೆಕೆಂಡನ್ನು ಆಯ್ದು ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಬೇಕು. ಯಾವುದು ಗದ್ದಲ ಅಂತ ಅದಕ್ಕೆ ತೋರಿಸಿಕೊಟ್ಟ ಹಾಗೆ. ಆಮೇಲೆ ಇಡೀ ಪ್ರಸಂಗ ಆಯ್ದು ಅನ್ವಯಿಸಿದರೆ ಫ್ಯಾನು ಹಿಂದೆ ಸರಿಯುತ್ತದೆ. ಮೊದಲ ವರ್ಷ ನಾನು ತಗ್ಗಿಸುವ ಪ್ರಮಾಣವನ್ನು 24 ಡಿಬಿವರೆಗೆ (ಡೆಸಿಬೆಲ್) ಏರಿಸುತ್ತಿದ್ದೆ, ದನಿ ನೀರೊಳಗಿಂದ ಬಂದಂತೆ ಆಗುತ್ತಿತ್ತು. ಈಗ 8 ದಾಟುವುದಿಲ್ಲ. ಸ್ವಲ್ಪ ಫ್ಯಾನು ಉಳಿದರೆ ಉಳಿಯಲಿ, ದನಿ ದನಿಯಂತೆ ಇರಬೇಕು. ಮೈಕುಗಳನ್ನು ಜೋಡಿಸಿದ ಮಿಕ್ಸರಿನಿಂದ ಬರುವ 50 ಹರ್ಟ್ಜಿನ ಗುಂಯ್‌ಗುಡುವಿಕೆಗೆ ಕೆಳ ಕಂಪನದ ಸದ್ದನ್ನು ತಡೆಯುವ ಹೈ-ಪಾಸ್ ಫಿಲ್ಟರನ್ನು 80ಕ್ಕೆ ಇಟ್ಟರೆ ಸಾಕು.

ಟ್ರಂಕೇಟ್ ಸೈಲೆನ್ಸ್ ಎಂಬುದೊಂದಿದೆ. ಮಾತಿನ ನಡುವಿನ ಮೌನವನ್ನೆಲ್ಲ ತಾನೇ ಹುಡುಕಿ ಮೊಟಕು ಮಾಡುತ್ತದೆ. ಒಮ್ಮೆ ಬಳಸಿದೆ, ಪ್ರಸಂಗ ನಾಲ್ಕು ನಿಮಿಷ ಕಡಿಮೆಯಾಯಿತು. ಅಯ್ಯನವರು ಕೇಳಿ ಫೋನ್ ಮಾಡಿದರು: “ತಮ್ಮಾ, ವಾಕ್ಯ ಓದಿದ ಮ್ಯಾಲ ನಾ ಸುಮ್ಮನ ನಿಂತಿದ್ದು ಮಂದಿ ವಿಚಾರ ಮಾಡ್ಲಿ ಅಂತ. ಅದನ್ನ ಯಾಕ ತಗದಿ?” ಅವತ್ತಿನಿಂದ ಆ ಗುಂಡಿ ಮುಟ್ಟಿಲ್ಲ. ಕೆಮ್ಮು, ಮೈಕು ತಾಗಿದ ಸದ್ದು ಕೈಯಿಂದಲೇ ತೆಗೆಯುತ್ತೇನೆ.

ಶುಭ ಶುಕ್ರವಾರದ ಆರಾಧನೆ ಮಧ್ಯಾಹ್ನ 12ರಿಂದ 3ರವರೆಗೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ವಾಕ್ಯ, ಏಳು ಮಂದಿ ಪ್ರಸಂಗಿಗಳು. ಮೂರು ತಾಸಿನ ಒಂದೇ ಕಡತ ಹಂಚಿದರೆ ಯಾರೂ ಕೊನೆವರೆಗೆ ಕೇಳುವುದಿಲ್ಲ. ಇಲ್ಲಿ ಆಡಾಸಿಟಿಯ ಲೇಬಲ್ ಬಹಳ ಉಪಕಾರಿ. ಪ್ರತಿ ವಾಕ್ಯ ಶುರುವಾಗುವಲ್ಲಿ ಕಂಟ್ರೋಲ್-ಬಿ ಒತ್ತಿ ಹೆಸರು ಬರೆದರೆ, ಎಕ್ಸ್‌ಪೋರ್ಟ್ ಮಾಡುವಾಗ ಲೇಬಲ್ ಪ್ರಕಾರ ಏಳು ಕಡತಗಳಾಗಿ ತಾನೇ ಒಡೆದು ಕೊಡುತ್ತದೆ. ನಮ್ಮ ಸಭೆಯ ಅಜ್ಜಿಯೊಬ್ಬರು ದಿನಕ್ಕೊಂದು ವಾಕ್ಯದಂತೆ ಏಳು ದಿನ ಕೇಳಿದರು.

ಇದೇ ಲೇಬಲ್ಲಿನಿಂದ ಇನ್ನೊಂದು ಕೆಲಸ ಮಾಡಿಕೊಳ್ಳುತ್ತೇನೆ, ಪ್ರಸಂಗ ಹಂಚುವವರೆಲ್ಲ ದಯವಿಟ್ಟು ಗಮನಿಸಿ. ವಿಜ್ಞಾಪನಾ ಪ್ರಾರ್ಥನೆಯಲ್ಲಿ ಅಯ್ಯನವರು ಕಾಯಿಲೆಯವರ ಹೆಸರು ಹಿಡಿದು ಬೇಡುತ್ತಾರೆ. ದೇವಾಲಯದೊಳಗೆ ಅದು ಪ್ರೀತಿ. ಆದರೆ ಒಮ್ಮೆ ನಾನು ಅದನ್ನು ಕತ್ತರಿಸದೆ ಹಾಕಿಬಿಟ್ಟೆ. ಮನೆಯವರು ಗುಟ್ಟಾಗಿ ಇಟ್ಟಿದ್ದ ತಾಯಿಯ ಕಾಯಿಲೆ ದೂರದ ನೆಂಟರಿಗೆಲ್ಲ ತಿಳಿಯಿತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ರೆಕಾರ್ಡಿಂಗ್ ತೆರೆದ ಕೂಡಲೇ ಮೊದಲು ಗುರುತು ಹಾಕುವುದು ಆ ಪ್ರಾರ್ಥನೆಗೆ, ಮೊದಲು ಕತ್ತರಿಸುವುದೂ ಅದನ್ನೇ.

ಕೊರತೆ ಇಲ್ಲವೆಂದಲ್ಲ. ಮೊಬೈಲಿಗೆ ಆಡಾಸಿಟಿ ಇಲ್ಲ, ಕಂಪ್ಯೂಟರ್ ಬೇಕೇ ಬೇಕು. ಮೆನು ನೋಡಿದರೆ ಹೊಸಬರಿಗೆ ದಿಗಿಲಾಗುತ್ತದೆ. ಯುವಕ ಸಂಘದ ಹುಡುಗಿಯೊಬ್ಬಳಿಗೆ ಕಲಿಸುವಾಗ ಐದೇ ಐದು ಗುಂಡಿ ಬರೆದುಕೊಟ್ಟೆ, ಮೂರನೇ ವಾರಕ್ಕೆ ಒಬ್ಬಳೇ ಮಾಡಿದಳು. ಒಂದು ಎಚ್ಚರಿಕೆ: ‘ಸೇವ್’ ಮಾಡಿದರೆ ಅದರದೇ ಪ್ರಾಜೆಕ್ಟ್ ಕಡತ ಆಗುತ್ತದೆಯೇ ಹೊರತು ಎಂಪಿ3 ಅಲ್ಲ. ಹಂಚಲು ‘ಎಕ್ಸ್‌ಪೋರ್ಟ್’ ಮಾಡಬೇಕು. ಕಡತದ ಹೆಸರಿಗೆ ಮುಂದೆ ವರ್ಷ, ತಿಂಗಳು, ದಿನ ಹಾಕಿ, ಉದಾಹರಣೆಗೆ 2024-03-31. ವರ್ಷಗಳ ಪ್ರಸಂಗ ತಾನಾಗಿ ಸಾಲಾಗಿ ಕೂರುತ್ತದೆ. ನಮ್ಮವು ಜಾಲದ ಭಂಡಾರವಾದ ಇಂಟರ್ನೆಟ್ ಆರ್ಕೈವ್‌ನಲ್ಲಿವೆ, ಅಲ್ಲೂ ದುಡ್ಡಿಲ್ಲ. ಲಿಂಕ್ ಕಳಿಸಿದರೆ ಆಯಿತು.

2020ರಲ್ಲಿ ಆ ಮೊದಲ ಪ್ರಸಂಗ ಕಳಿಸಿದ ಅಯ್ಯನವರು ಈಗಿಲ್ಲ. ಮಣ್ಣಾದ ಮೂರನೇ ವಾರ ಅವರ ಪತ್ನಿ ಅಮ್ಮನವರು ಕೇಳಿದರು: “ಆ ಈಸ್ಟರ್ ಪ್ರಸಂಗ ಐತೇನಪ್ಪಾ ನಿನ್ನ ಕಡೆ?” ಇತ್ತು. ಆದರೆ ಮೂಲ ರೆಕಾರ್ಡಿಂಗ್ ಅಳಿಸಿಬಿಟ್ಟಿದ್ದೆ, ನಾನು ಆಗ ಅತಿಯಾಗಿ ತೊಳೆದ ಎಂಪಿ3 ಮಾತ್ರ ಉಳಿದಿತ್ತು. ಅದನ್ನೇ ಕೊಟ್ಟೆ, ಅವರು ಅದನ್ನೇ ಕೇಳುತ್ತಾರೆ. ಈಗ ಪ್ರತಿ ವಾರ ಕೈ ಹಚ್ಚುವ ಮೊದಲೇ ಮೂಲವನ್ನು ಹಾಗೆಯೇ ಗುಣಮಟ್ಟ ಕೆಡದ ಫ್ಲ್ಯಾಕ್ ಕಡತ ಮಾಡಿ ಎರಡು ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಒಂದು ನನ್ನ ಮನೆಯಲ್ಲಿ, ಇನ್ನೊಂದು ದೇವಾಲಯದ ಕಪಾಟಿನಲ್ಲಿ.