ಅಮ್ಮನ ಫೋಟೊ ಹಾಕಿ ದುಡ್ಡೆತ್ತಿದ ಕಥೆ

ಅಮ್ಮ ಕೊನೆಯ ಹತ್ತೊಂಬತ್ತು ದಿನ ಇದ್ದದ್ದು ಬೆಂಗಳೂರಿನ ಒಂದು ಹಾಸ್ಪೈಸ್‌ನಲ್ಲಿ. ಕ್ಯಾನ್ಸರ್ ಕೈಮೀರಿದ ಮೇಲೆ ನೋವು ತಗ್ಗಿಸಿ ನೋಡಿಕೊಳ್ಳುವ ಜಾಗ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಕೊಡುತ್ತಿದ್ದರು. ಎರಡು ತಿಂಗಳು ಕೂತೇ ರಾತ್ರಿ ಕಳೆದವಳು ಅಲ್ಲಿ ಕಾಲು ಚಾಚಿ ಮಲಗಿ ನಿದ್ದೆ ಮಾಡಿದಳು. ನಮ್ಮಿಂದ ಒಂದು ಪೈಸೆ ತಗೊಳ್ಳಲಿಲ್ಲ. ಅದಕ್ಕೇ ವರ್ಷದ ತಿಥಿಯ ಹೊತ್ತಿಗೆ ಅವಳ ಹೆಸರಲ್ಲಿ ಒಂದಿಷ್ಟು ದುಡ್ಡು ಸೇರಿಸಿ ಅಲ್ಲಿಗೆ ಕೊಡೋಣ ಅಂದುಕೊಂಡೆವು.

ಆಗ ಬಂದವನು ನಮ್ಮೂರು ಹಾಸನದಲ್ಲೇ ರಕ್ತದಾನ ಶಿಬಿರ ಅಂತ ಓಡಾಡಿಕೊಂಡಿದ್ದ ಹುಡುಗ. ‘ಅಣ್ಣಾ, ನೀವು ತಿಥಿ ಕೆಲಸ ನೋಡ್ಕೊಳ್ಳಿ, ನಮ್ಮ ಟ್ರಸ್ಟ್ ಕಡೆಯಿಂದ ನಾನು ಎಲ್ಲಾ ಮಾಡ್ತೀನಿ’ ಅಂದ. ಸಂಜೆಯೊಳಗೆ ಅಮ್ಮನ ಫೋಟೊ, ಕೆಳಗೊಂದು ಕ್ಯೂಆರ್ ಕೋಡ್ ವಾಟ್ಸಾಪ್‌ನಲ್ಲಿ ಹರಿದಾಡಿತು. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಅಕ್ಕ, ಸ್ಕ್ಯಾನ್ ಮಾಡೋಕೆ ಬರದೆ, ಮಗನ ಕೈಲಿ ಮುನ್ನೂರು ಹಾಕಿಸಿದರು. ಆ ಮುನ್ನೂರು ಈಗಲೂ ಚುಚ್ಚುತ್ತದೆ.

ಮೊದಲು ಸ್ಕ್ಯಾನ್ ಮಾಡಿದವನೇ ನಾನು. ಪರದೆ ಮೇಲೆ ಟ್ರಸ್ಟ್ ಹೆಸರಿರಲಿಲ್ಲ, ಯಾರದೋ ಹೆಸರಿತ್ತು. ಖಜಾಂಚಿ ಇರಬೇಕು ಅಂದುಕೊಂಡು ಪಿನ್ ಒತ್ತಿದೆ. ಪೆದ್ದುತನ ಅಂದರೆ ಅದು.

ಎರಡು ತಿಂಗಳಾದ ಮೇಲೆ ಹಾಸ್ಪೈಸ್‌ಗೆ ಫೋನ್ ಮಾಡಿದರೆ, ಆ ಹೆಸರಲ್ಲಿ ಏನೂ ಬಂದಿಲ್ಲ ಅಂದರು. ಇವನನ್ನು ಕೇಳಿದೆ. ಮೊದಲು ‘ಆಡಿಟ್ ನಡೀತಿದೆ ಅಣ್ಣಾ’, ಆಮೇಲೆ ಫೋನ್ ಸ್ವಿಚ್ ಆಫ್. ಕೊಟ್ಟಿದ್ದ ರಸೀದಿಯಲ್ಲಿ ನೇರಳೆ ಸೀಲು ಇತ್ತು. ಟ್ರಸ್ಟಿನ ಪ್ಯಾನ್ ಇರಲಿಲ್ಲ, ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ 80ಜಿ ನೋಂದಣಿ ಸಂಖ್ಯೆಯೂ ಇರಲಿಲ್ಲ. ಯಾರಾದರೂ ‘80ಜಿ ಉಂಟು’ ಅಂತ ಹೇಳಿದರೆ ಆ ಸಂಸ್ಥೆಯ ಹೆಸರನ್ನು ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟ್‌ನಲ್ಲಿ ಹುಡುಕಿ. ನೋಂದಣಿ ಇರುವವರು ದಾನಿಗೆ ದಾನದ ಪ್ರಮಾಣಪತ್ರ ಕೊಡಲೇಬೇಕು. ನಗದು 2,000 ರೂಪಾಯಿ ದಾಟಿದರೆ ವಿನಾಯಿತಿಯೇ ಸಿಗೋದಿಲ್ಲ, ಆದರೂ ‘ಕ್ಯಾಶ್ ಆದ್ರೆ ಒಳ್ಳೇದು’ ಅಂತ ಇವನು ಇಬ್ಬರು ಎಸ್ಟೇಟ್‌ನವರ ಹತ್ತಿರ ಐದೈದು ಸಾವಿರ ಇಸ್ಕೊಂಡಿದ್ದ. ಅಷ್ಟಕ್ಕೂ ಮಧ್ಯದಲ್ಲಿ ಇನ್ನೊಬ್ಬರು ಯಾಕೆ ಬೇಕಿತ್ತು? ಹಾಸ್ಪೈಸ್‌ನವರನ್ನೇ ಕೇಳಿದ್ದರೆ ಅವರ ಖಾತೆ ನಂಬರು ಕೊಡುತ್ತಿದ್ದರು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ, ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಟ್ಟೆ. ಬೇಗ ಹೇಳಿದ್ದರೆ ಬ್ಯಾಂಕಿನಲ್ಲೇ ದುಡ್ಡು ತಡೆಯೋ ಸಾಧ್ಯತೆ ಇತ್ತಂತೆ. ಪರಿಚಯದವರು ಹಾಕಿದ್ದನ್ನು ನಾನು ಕೈಯಿಂದ ವಾಪಸ್ ಕೊಡುತ್ತಿದ್ದೇನೆ. ಸೊಪ್ಪಿನ ಅಕ್ಕ ಮಾತ್ರ ತಗೊಳ್ಳಲಿಲ್ಲ. ‘ಅಮ್ಮಂಗೆ ಅಂತ ಕೊಟ್ಟಿದ್ದಪ್ಪ, ವಾಪಸ್ ಹೆಂಗೆ ಇಸ್ಕೊಳ್ಳಲಿ’ ಅಂದರು.

ಇದನ್ನು ಈಗ ಬರೆಯೋಕೆ ಕಾರಣ, ಕಳೆದ ವಾರ ಅರಕಲಗೂಡಿನ ನೆಂಟರೊಬ್ಬರಿಗೆ ಅದೇ ಫೋಟೊ ಬಂದಿದೆ. ಹಳದಿ ಸೀರೆ, ಕನಕಾಂಬರ ಮುಡಿದಿರುವ ಹೆಂಗಸು, ಎಡಬದಿಗೆ ಅರ್ಧ ಕತ್ತರಿಸಿದ ನೀಲಿ ಶರ್ಟಿನ ಭುಜ. ಆ ಭುಜ ನನ್ನದು. ಹೆಸರು ಬದಲಾಯಿಸಿ, ‘ಐಸಿಯುನಲ್ಲಿದ್ದಾರೆ, ತುರ್ತು’ ಅಂತ ಬರೆದಿದ್ದಾರೆ. ನಿಮಗೂ ಬಂದರೆ ದುಡ್ಡು ಹಾಕಬೇಡಿ, ಮುಂದಕ್ಕೂ ಕಳಿಸಬೇಡಿ.